ಬ್ರೇಕಮ್ಮನ ಕಾಲು

ಆ ಹೆಸರು ಇಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಬೀದಿಯ ಪಡ್ಡೆ ಹುಡುಗರೇ ಇಟ್ಟಿರಬೇಕು. ಇಂಥ ಕೆಲಸಗಳಿಗೆ ಅವರಿಗೆ ಯಾವಾಗಲೂ ಪುರುಸೊತ್ತು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಕಾಲಡಿ ಒಂದು ಬ್ರೇಕ್ ಇದ್ದರೆ, ಕಲಿಸುವವರ ಕಾಲಡಿ ಇನ್ನೊಂದು ಇರುತ್ತದೆ. ಆ ಇನ್ನೊಂದರ ಮೇಲೆ ಕಾಲಿಟ್ಟುಕೊಂಡೇ ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಹೆಂಗಸನ್ನು ಬ್ರೇಕಮ್ಮ ಎನ್ನದೆ ಇನ್ನೇನೆನ್ನಬೇಕು? ಮೊದಮೊದಲು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ತರಕಾರಿಯವನೂ ತನ್ನ ಕೆಲಸದವನಿಗೆ "ಬ್ರೇಕಮ್ಮನಿಗೆ ಟೊಮೆಟೊ ಹಾಕೋ" ಎನ್ನತೊಡಗಿದ ಮೇಲೆ ಕೈಚೆಲ್ಲಿದಳು. ಕೊನೆಕೊನೆಗೆ ಫೋನ್ ಎತ್ತಿದರೆ ಅವಳೇ "ಹೂಂ, ಬ್ರೇಕಮ್ಮ ಮಾತಾಡ್ತಿರೋದು" ಎನ್ನುತ್ತಿದ್ದಳು.

ಕಲಿಸುವುದರಲ್ಲಿ ಅವಳದೊಂದು ಪದ್ಧತಿಯಿತ್ತು. ಮೊದಲ ವಾರ ಅವಳ ಕಾಲು ಬ್ರೇಕಿನ ಮೇಲಿಂದ ಅಲುಗುತ್ತಿರಲಿಲ್ಲ. ಎರಡನೇ ವಾರ ಬ್ರೇಕಿನಿಂದ ಗೇಣುದ್ದ ಹಿಂದೆ ಸರಿಯುತ್ತಿತ್ತು. ಆಮೇಲೆ ಒಂದು ದಿನ, ಮುಂಚಿತವಾಗಿ ಏನೂ ಹೇಳದೆ, ಸಂತೆಯ ದಟ್ಟಣೆಯ ನಡುವೆಯೇ ಚಪ್ಪಲಿ ಕಳಚಿ ಎರಡೂ ಕಾಲು ಮೇಲೆತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಡುವಳು. ಅದನ್ನು ನೋಡಿದ ಕೂಡಲೇ ಕಲಿಯುವವನ ಬೆವರು ಕಿತ್ತುಕೊಂಡು ಬರುತ್ತಿತ್ತು. ಆದರೆ ಅಂದು ಸಂಜೆ ಅವನು ಮನೆಗೆ ಹೋಗಿ ಮೊದಲು ಹೇಳುತ್ತಿದ್ದ ಮಾತು, "ಇವತ್ತು ಮೇಡಂ ಕಾಲು ಎತ್ತಿದ್ರು." ಊರಿನಲ್ಲಿ ಅದೇ ನಿಜವಾದ ಲೈಸೆನ್ಸು. ಸರ್ಕಾರ ಕೊಡುವುದು ಆಮೇಲಿನ ಮಾತು.

ಹದಿನೆಂಟು ತುಂಬಿದ ಮಕ್ಕಳನ್ನು ಕರೆದುಕೊಂಡು ಬರುವ ತಂದೆ ತಾಯಂದಿರೆಲ್ಲರ ಪ್ರಶ್ನೆ ಒಂದೇ. "ಮೇಡಂ, ಇನ್ನೂ ಹುಡುಗಾಟದ ವಯಸ್ಸು. ಕಾರು ಕೊಡೋಷ್ಟು ಬುದ್ಧಿ ಬಂದಿದೆ ಅಂತೀರಾ?" ಮಕ್ಕಳ ಎದುರಿಗೇ ಕೇಳುವರು, ಮಕ್ಕಳು ನೆಲ ನೋಡುವರು. ಬ್ರೇಕಮ್ಮನಿಗೆ ಈ ಪ್ರಶ್ನೆ ಕೇಳಿದರೆ ಎಲ್ಲಿಲ್ಲದ ಸಿಟ್ಟು. "ವಯಸ್ಸಿಗೂ ಬುದ್ಧಿಗೂ ಗಂಟು ಹಾಕಬೇಡಿ. ಹೋದ ತಿಂಗಳು ಐವತ್ತು ದಾಟಿದ ಬ್ಯಾಂಕ್ ಮ್ಯಾನೇಜರ್ ಒಬ್ಬರು ಬಂದಿದ್ರು. ನಾಯಿ ಅಡ್ಡ ಬಂತು ಅಂತ ಸ್ಟೀರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಂಡ್ರು. ಬುದ್ಧಿ ಇದೆಯೋ ಇಲ್ಲವೋ ನಾನು ನೋಡ್ತೀನಿ, ನೀವು ಮನೆಗೆ ಹೋಗಿ" ಎಂದು ಅವರನ್ನು ಸಾಗಹಾಕುತ್ತಿದ್ದಳು. ಬುದ್ಧಿ ಬಾರದವರನ್ನು ಅವಳು ಮುಲಾಜಿಲ್ಲದೆ ವಾಪಸ್ ಕಳಿಸಿದ್ದೂ ಉಂಟು. ಸ್ಕೂಲಿನ ಮಾಲೀಕ ತಲೆ ಚಚ್ಚಿಕೊಂಡರೂ ಕ್ಯಾರೇ ಎನ್ನುತ್ತಿರಲಿಲ್ಲ.

ಅವಳಿಗಿದ್ದವನು ಒಬ್ಬನೇ ಮಗ, ಮದುವೆಯಾಗಿ ಎಷ್ಟೋ ವರ್ಷಕ್ಕೆ ಹುಟ್ಟಿದವನು. ಗಂಡ ಫ್ರಿಜ್ ರಿಪೇರಿಯವನು. ಮಾತು ಕಡಿಮೆ, ಮನೆಯಲ್ಲಿ ಫ್ರಿಜ್ ಕೆಟ್ಟರೆ ಮಾತ್ರ ತಿಂಗಳಾದರೂ ಮುಟ್ಟುವವನಲ್ಲ. ಮಗ ಇಬ್ಬರನ್ನೂ ಹೋಲದ ಉದ್ದನೆಯ ಹುಡುಗ. ಬಾಗಿಲಿನಲ್ಲಿ ಬಿಟ್ಟ ಎಲ್ಲರ ಚಪ್ಪಲಿಗಳನ್ನೂ ಜೋಡಿಸಿಟ್ಟು ಒಳಗೆ ಬರುವವನು. ಇವನಿಗೆ ಬುದ್ಧಿಯಿಲ್ಲ ಎಂದು ಶತ್ರುವೂ ಹೇಳುವಂತಿರಲಿಲ್ಲ. ಹದಿನೆಂಟು ತುಂಬಿದ ದಿನ ಬೆಳಿಗ್ಗೆ ತಾಯಿಯ ಮುಂದೆ ನಿಂತು, "ಅಮ್ಮಾ, ನನಗೆ ಯಾವಾಗ ಕಲಿಸ್ತೀಯ?" ಎಂದ.

ಕಲಿಸುವವರಲ್ಲಿ ಒಂದು ಕಟ್ಟುಪಾಡಿದೆ. ತಮ್ಮ ಮಕ್ಕಳಿಗೆ ತಾವು ಕಲಿಸುವುದಿಲ್ಲ, ಜೊತೆಯವರ ಕೈಗೆ ಕೊಡುತ್ತಾರೆ. ಅದೇ ಸ್ಕೂಲಿನಲ್ಲಿ ದಪ್ಪಣ್ಣ ಎಂದು ಇನ್ನೊಬ್ಬ ಮೇಷ್ಟ್ರಿದ್ದ. ಹೆಸರಿಗೆ ತಕ್ಕ ಹಾಗೆ ಅವನು ಕೂತರೆ ಕಾರು ಒಂದು ಕಡೆಗೆ ವಾಲುತ್ತಿತ್ತು. ಅವನ ಇಬ್ಬರು ಹೆಣ್ಣುಮಕ್ಕಳಿಗೂ ಬ್ರೇಕಮ್ಮನೇ ಕಲಿಸಿದ್ದಳು.

"ಅಕ್ಕಾ, ನಿಮ್ಮ ಮಗನ್ನ ನನಗೆ ಬಿಡಿ" ಎಂದು ದಪ್ಪಣ್ಣ ತಾನಾಗಿಯೇ ಕೇಳಿದ.

"ಯಾಕೆ, ನನಗೆ ಕಲಿಸೋಕೆ ಬರಲ್ವಾ?"

"ಬರುತ್ತೆ. ಮಗ ಅನ್ನೋದೇ ತೊಂದರೆ."

"ಹೋಗಯ್ಯಾ, ನಿನ್ನ ಹಾಗೆ ನಂದು ಪುಕ್ಕಲು ಜೀವ ಅಲ್ಲ" ಎಂದು ಅವಳು ನಕ್ಕು ಮಾತು ತೇಲಿಸಿದಳು. ಅಷ್ಟು ಜನರಿಗೆ ಕಲಿಸಿದ ಕಾಲು, ಒಬ್ಬ ಮಗನಿಗೆ ಕಲಿಸುವಾಗ ಕೈಕೊಡುತ್ತದೆಯೇ ಎಂದು ಅವಳ ಲೆಕ್ಕ.

ಮಗ ನಿಜಕ್ಕೂ ಚೆನ್ನಾಗಿ ಕಲಿತ. ಕನ್ನಡಿ ನೋಡುತ್ತಿದ್ದ, ಗೇರು ಕಿರುಗುಟ್ಟಿಸುತ್ತಿರಲಿಲ್ಲ, ಹಿಂದಿನವನು ಹಾರ್ನ್ ಹೊಡೆದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಎರಡನೇ ವಾರಕ್ಕೆ ಅವಳ ಕಾಲು ಎಲ್ಲರಿಗೂ ಸರಿಯುವಂತೆ ಹಿಂದಕ್ಕೆ ಸರಿಯಿತು. ಒಂದು ದಿನ ಆಸ್ಪತ್ರೆಯ ಪಕ್ಕದ ನಾಲ್ಕು ರಸ್ತೆ ಕೂಡುವಲ್ಲಿ ಹಾಲಿನ ವ್ಯಾನೊಂದು ಸಿಗ್ನಲ್ಲನ್ನೂ ಲೆಕ್ಕಿಸದೆ ಅಡ್ಡ ನುಗ್ಗಿತು. ಮಗ ಬ್ರೇಕಿಗೆ ಕಾಲಿಟ್ಟ. ಇಟ್ಟನೋ ಇಲ್ಲವೋ, ಅಷ್ಟರೊಳಗೆ ಅವಳ ಕಾಲು ಅವಳನ್ನು ಕೇಳದೆಯೇ ಮುಂದೆ ಹೋಗಿ ಒತ್ತಿಬಿಟ್ಟಿತ್ತು. ಆ ಎರಡು ಬ್ರೇಕುಗಳನ್ನು ಕೆಳಗೆ ಒಂದೇ ಕಂಬಿ ಸೇರಿಸಿರುತ್ತದೆ. ಇತ್ತ ಅವಳು ಒತ್ತಿದರೆ ಅತ್ತ ಕಲಿಯುವವನ ಬ್ರೇಕೂ ತಾನಾಗಿ ಇಳಿಯುತ್ತದೆ, ಮೇಲೆ ಸುಮ್ಮನೆ ಕಾಲಿಟ್ಟವನಿಗೂ ತಾನೇ ಒತ್ತಿದಂತೆ ಅನಿಸುತ್ತದೆ. ಕಾರು ವ್ಯಾನಿನಿಂದ ಮಾರು ದೂರದಲ್ಲಿ ನಿಂತಿತು.

ಮಗ ಅವಳ ಕಡೆ ತಿರುಗಿದ. ಮುಖ ಹೊಳೆಯುತ್ತಿತ್ತು. "ನೋಡಿದ್ಯಾ ಅಮ್ಮಾ, ಹೇಗೆ ನಿಲ್ಲಿಸ್ದೆ?"

ಬೇರೆ ಯಾರಾದರೂ ಆಗಿದ್ದರೆ ಅವಳು, "ನಿಲ್ಲಿಸಿದ್ದು ನೀನಲ್ಲಪ್ಪ, ನಾನು. ಇನ್ನೂ ಜೋರಾಗಿ ಒತ್ತಬೇಕು. ಗಾಡಿ ತಿರುಗಿಸು, ಮತ್ತೊಂದು ಸಲ ಬಾ" ಎನ್ನುತ್ತಿದ್ದಳು. ಈ ಮುಖದ ಎದುರು ಆ ಮಾತು ಬಾಯಿಗೆ ಬರಲಿಲ್ಲ.

"ನೋಡ್ದೆ ಮರಿ" ಎಂದಳು.

ಎಲ್ಲ ಕೆಟ್ಟದ್ದು ಆ ಎರಡು ಪದಗಳಲ್ಲಿ. ಮರುದಿನದಿಂದ ಅವಳು ಕಾಲ ಬಳಿ ದೊಡ್ಡ ಕೈಚೀಲ ಇಟ್ಟುಕೊಂಡು ಕೂರತೊಡಗಿದಳು. ಒಂದು ಕಾಲನ್ನು ಮಡಚಿ ಸೀಟಿನ ಮೇಲಿಡುತ್ತಿದ್ದಳು, ಕಾಣುವುದು ಅದೇ. ಇನ್ನೊಂದು ಚೀಲದ ಮರೆಯಲ್ಲಿ ಬ್ರೇಕಿನ ಮೇಲೆ. ನಾಳೆ ತೆಗೆಯೋಣ ಎಂದುಕೊಳ್ಳುವಳು. ನಾಳೆ ಬಂದರೆ ಶಾಲೆ ಬಿಡುವ ಹೊತ್ತು, ರಸ್ತೆ ತುಂಬ ಮಕ್ಕಳು. ಇನ್ನೊಂದು ದಿನ ಲಾರಿಗಳು. ಕಾಲು ಎತ್ತದಿರುವುದಕ್ಕೆ ಕಾರಣ ಹುಡುಕುವವರಿಗೆ ರಸ್ತೆಯಲ್ಲಿ ಕಾರಣಗಳಿಗೆ ಬರವೇ? ಮಗ ಅರ್ಧ ಒತ್ತಿದರೆ ಉಳಿದರ್ಧ ಅವಳು ಒತ್ತುತ್ತಿದ್ದಳು, ಅದೂ ಎಷ್ಟು ನಯವಾಗಿ ಎಂದರೆ ತಾಯಿ ಮಗುವಿನ ಕೈಹಿಡಿದು ಬರೆಸಿದಷ್ಟು. "ನಿಮ್ಮ ಸ್ಕೂಲ್ ಕಾರಿನ ಬ್ರೇಕ್ ಬೆಣ್ಣೆ ಇದ್ದ ಹಾಗಿದೆ ಅಮ್ಮಾ" ಎಂದು ಅವನು ಒಮ್ಮೆ ಮೆಚ್ಚಿಕೊಂಡ. ಅವಳು ಕಿಟಕಿಯಾಚೆ ನೋಡಿದಳು.

ಲೈಸೆನ್ಸಿನ ಪರೀಕ್ಷೆ ನಡೆಯುವುದು ಬಯಲಿನಲ್ಲಿ. ಕಂಬಗಳ ನಡುವೆ ಹಿಂದಕ್ಕೆ ಮುಂದಕ್ಕೆ ಹೋಗಬೇಕು, ಅಷ್ಟೇ. ಅಲ್ಲಿ ಬ್ರೇಕನ್ನು ಜೋರಾಗಿ ಒತ್ತುವ ಸಂದರ್ಭವೇ ಬರುವುದಿಲ್ಲ. ಮಗ ಒಬ್ಬನೇ ಓಡಿಸಿ ಪಾಸಾದ. ಮನೆಯ ಹಳೇ ಕಾರನ್ನು ಹತ್ತಿ ಅದರ ಬ್ರೇಕ್ ಯಾಕೋ ಬಹಳ ಗಟ್ಟಿ ಎಂದಾಗ, "ಹಳೇ ಗಾಡಿ, ಹಾಗೇ ಇರೋದು. ರೂಢಿಯಾಗುತ್ತೆ" ಎಂದ ಅಪ್ಪ. ಖಾಲಿ ಬೀದಿಗಳಲ್ಲಿ, ದೂರದಿಂದಲೇ ನಿಧಾನ ಮಾಡಿಕೊಂಡು ಬರುವಾಗ, ಅದು ರೂಢಿಯಾದಂತೆಯೂ ಕಂಡಿತು. ಬ್ರೇಕಮ್ಮನ ಎದೆಯ ಮೇಲಿನ ಕಲ್ಲು ಸ್ವಲ್ಪ ಸ್ವಲ್ಪವೇ ಇಳಿಯುತ್ತ ಬಂತು. ಎಲ್ಲ ಸರಿಹೋಯಿತು, ಇನ್ನು ಹೇಳುವ ಅಗತ್ಯವಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಅಂದು ಬೆಳಿಗ್ಗೆ ಅವಳಿಗೆ ಕೆಲಸಕ್ಕೆ ಹೊತ್ತಾಗಿತ್ತು. "ಬಾ ಅಮ್ಮಾ, ಬಿಟ್ಟು ಬರ್ತೀನಿ" ಎಂದು ಮಗ ಮನೆಯ ಕಾರು ತೆಗೆದ. ಶಾಲೆಯ ಮುಂದಿನ ರಸ್ತೆ, ಬಿಳಿ ಪಟ್ಟೆಗಳ ದಾಟು. ಅಲ್ಲಿ ಡ್ರಿಲ್ ಮೇಷ್ಟ್ರು ನಿಂತಿದ್ದರು. ನಿವೃತ್ತಿಯಾಗಿ ಎಷ್ಟೋ ವರ್ಷವಾಗಿದ್ದರೂ ಈಗಲೂ ಎದೆ ಸೆಟೆಸಿಕೊಂಡು, ಗೆರೆ ಎಳೆದಂತೆ ನಡೆಯುವ ಮನುಷ್ಯ. ಮಗನಿಗೂ ಅವರೇ ಎಡ ಬಲ ಕಲಿಸಿದ್ದು. ಬರುತ್ತಿರುವ ಕಾರಿನಲ್ಲಿ ಬ್ರೇಕಮ್ಮನನ್ನು ಗುರುತಿಸಿ ಕೈ ಎತ್ತಿದರು, ಇವಳೂ ಎತ್ತಿದಳು. ಅವರು ಪಟ್ಟೆಗಳ ಮೇಲೆ ಕಾಲಿಟ್ಟರು.

ಮಗ ಬ್ರೇಕ್ ಒತ್ತಿದ. ಅವಳೂ ಒತ್ತಿದಳು. ಅವಳ ಕಾಲಿಗೆ ಸಿಕ್ಕಿದ್ದು ಬರೀ ನೆಲ. ದಡ್ ಎಂದು ಸದ್ದಾಯಿತು. ಕಾರು ನಿಧಾನವಾಯಿತು, ನಿಲ್ಲಲಿಲ್ಲ, ಮೇಷ್ಟ್ರಿಗೆ ತಗುಲಿತು. ಜೋರೇನೂ ಇರಲಿಲ್ಲ. ಅಷ್ಟು ವೇಗಕ್ಕೆ ಬೇರೆ ಯಾರಾದರೂ ಬಿದ್ದಿದ್ದರೆ ಮೊಣಕಾಲು ತರಚಿಕೊಂಡು ಎದ್ದು ಬೈಯುತ್ತಿದ್ದರೇನೋ. ಮೇಷ್ಟ್ರ ತಲೆ ಹೋಗಿ ಫುಟ್‌ಪಾತಿನ ಕಲ್ಲಂಚಿಗೆ ಬಡಿಯಿತು. ಮೂರನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

"ಒತ್ತಿದೆ ಸರ್, ಯಾವಾಗ್ಲೂ ಒತ್ತೋ ಹಾಗೇ ಒತ್ತಿದೆ. ಗಾಡಿ ನಿಲ್ಲಲಿಲ್ಲ" ಎಂದು ಮಗ ಪೊಲೀಸರ ಎದುರು ಹೇಳಿದ. ಪಕ್ಕದಲ್ಲಿದ್ದ ನೀವೇನು ನೋಡಿದಿರಿ ಎಂದು ಅವಳನ್ನು ಕೇಳಿದರು. ಅವಳು, "ನಾನು ಚೀಲದಲ್ಲಿ ಏನೋ ಹುಡುಕ್ತಿದ್ದೆ. ನೋಡಲಿಲ್ಲ" ಎಂದಳು. ಕಾರನ್ನು ಗ್ಯಾರೇಜಿಗೆ ಒಯ್ದರು. ಗ್ಯಾರೇಜಿನವನು ಓಡಿಸಿ, ನಿಲ್ಲಿಸಿ, ಚಕ್ರ ಬಿಚ್ಚಿ ನೋಡಿ, ಎಲ್ಲರ ಎದುರು ಹೇಳಿದ, "ಬ್ರೇಕ್ ಕಲ್ಲು ಇದ್ದ ಹಾಗಿದೆ. ಪೂರ್ತಿ ಒತ್ತಿದ್ರೆ ಗಾಡಿ ಅಲ್ಲೇ ನೆಡುತ್ತೆ." ಮಗ ಆ ಮಾತು ಕೇಳಿ ತಾಯಿಯ ಕಡೆ ನೋಡಿದ. ಒಂದೇ ಕ್ಷಣ. ಆಮೇಲೆ ತಲೆ ತಗ್ಗಿಸಿ, ಬ್ರೇಕಿನ ಮಾತು ಸುಳ್ಳು, ನನ್ನ ಗಮನ ರಸ್ತೆಯ ಮೇಲಿರಲಿಲ್ಲ ಎಂದುಬಿಟ್ಟ.

ಕೋರ್ಟು ಅವನ ವಯಸ್ಸು ನೋಡಿ ಜೈಲಿಗೆ ಕಳಿಸಲಿಲ್ಲ, ಲೈಸೆನ್ಸ್ ಕಿತ್ತುಕೊಂಡಿತು. ಊರು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಮೇಷ್ಟ್ರನ್ನು ಕೊಂದದ್ದೂ ಅಲ್ಲದೆ ಮೊದಲು ಸುಳ್ಳು ಹೇಳಿದ ಹುಡುಗ ಎಂದು ಬೆರಳು ತೋರಿಸಿತು. ಮಗ ಕಾಲೇಜಿಗೆ ಹೋಗುವುದು ಬಿಟ್ಟ. ಅಡುಗೆಮನೆಯ ಕಿಟಕಿಯ ಪಕ್ಕ ಕೂತಿರುತ್ತಿದ್ದ. ಬಾಗಿಲಲ್ಲಿ ಚಪ್ಪಲಿಗಳು ಹೇಗೆಂದರೆ ಹಾಗೆ ಬಿದ್ದಿರುತ್ತಿದ್ದವು.

ಮಗ ಪೊಲೀಸರಿಗೆ ಹೇಳಿದ ಮೊದಲ ಮಾತು ನಿಜವೆಂದು ಗೊತ್ತಿದ್ದದ್ದು ಇಡೀ ಲೋಕದಲ್ಲಿ ತನಗೊಬ್ಬಳಿಗೆ ಎಂದು ಬ್ರೇಕಮ್ಮ ತಿಳಿದಿದ್ದಳು. ಅವನು ಯಾವಾಗಲೂ ಒತ್ತುವಷ್ಟೇ ಒತ್ತಿದ್ದ. ಅಷ್ಟು ಸಾಕೆಂದು ಅವನ ಕಾಲಿಗೆ ಕಲಿಸಿದವಳು ಅವಳು. ಹೇಳಿಬಿಟ್ಟರೆ ಮಗನ ಮೇಲಿನ ಅಪವಾದ ಇಳಿಯುತ್ತದೆ. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದು ಏಳುವಳು. ಹೇಳಿದ ಮೇಲೆ ಅವನು ತನ್ನನ್ನು ನೋಡುವ ನೋಟವನ್ನು ನೆನೆದು ಬಾಯಿ ಕಟ್ಟುತ್ತಿತ್ತು. ಕಾಲು ಎತ್ತಲು ಬಾರದಿದ್ದ ಹೆಂಗಸು ಈಗ ಬಾಯಿ ತೆರೆಯಲೂ ಆಗದೆ ಒದ್ದಾಡಿದಳು.

ಒಂದು ಭಾನುವಾರ ಡ್ರೈವಿಂಗ್ ಸ್ಕೂಲಿನಲ್ಲಿ ತಂದೆ ತಾಯಂದಿರು ಸೇರಿದರು. ಹದಿನೆಂಟಕ್ಕೇ ಕಾರು ಕಲಿಸುವುದನ್ನು ನಿಲ್ಲಿಸಿ, ಇಪ್ಪತ್ತೊಂದಾದರೂ ಆಗಲಿ ಎಂದು ಅವರ ಒತ್ತಾಯ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಮಾಲೀಕ ಅವಳ ಕಡೆ ತಿರುಗಿ, "ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಮೇಡಂ? ನೀವೇ ಹೇಳಿ. ನಿಮ್ಮ ಮಗನ ವಿಷಯದಲ್ಲಿ ಆಗಿದ್ದು ವಯಸ್ಸಿನ ತಪ್ಪೇ ತಾನೆ?" ಎಂದ. ಇಡೀ ಕೋಣೆ ಅವಳನ್ನು ನೋಡಿತು. ಮೂಲೆಯಲ್ಲಿ ಗೋಡೆಗೊರಗಿ ನಿಂತಿದ್ದ ದಪ್ಪಣ್ಣ ಮಾತ್ರ ಅವಳ ಪಾದಗಳನ್ನು ನೋಡುತ್ತಿದ್ದ.

"ಹೌದು, ವಯಸ್ಸೇ" ಎಂದಳು ಬ್ರೇಕಮ್ಮ.

ಇಷ್ಟು ವರ್ಷ ಈ ಮಾತನ್ನು ಆಡಿದವರನ್ನೆಲ್ಲ ಮನೆಗೆ ಅಟ್ಟಿದ್ದ ಬಾಯಿ ಅದು. ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ನಡೆದಳು, ಎಲ್ಲಿಗೆ ಎಂದು ನೋಡದೆ ನಡೆದಳು. ಮಧ್ಯಾಹ್ನದ ಬಿಸಿಲಿನಲ್ಲಿ ತಲೆ ಎತ್ತಿದಾಗ ಮೇಷ್ಟ್ರ ಮನೆಯ ಗೇಟು ಎದುರಿಗಿತ್ತು. ಮೇಷ್ಟ್ರ ಹೆಂಡತಿ ಒಣಗಿದ ಬಟ್ಟೆಗಳನ್ನು ಹಗ್ಗದಿಂದ ತೆಗೆಯುತ್ತಿದ್ದರು, ಒಬ್ಬರ ಬಟ್ಟೆಗಳಷ್ಟೇ. ಬ್ರೇಕಮ್ಮ ಗೇಟಿನಾಚೆಯೇ ನಿಂತು ಎಲ್ಲವನ್ನೂ ಹೇಳಿಬಿಟ್ಟಳು, ಹಾಲಿನ ವ್ಯಾನು, ಚೀಲದ ಮರೆ, ಪೊಲೀಸರಿಗೆ ಹೇಳಿದ ಸುಳ್ಳು, ಈಗ ತಾನೇ ಆಡಿ ಬಂದ ಮಾತು. ಮೇಷ್ಟ್ರ ಹೆಂಡತಿ ಬಟ್ಟೆಗಳನ್ನು ಎದೆಗವಚಿಕೊಂಡು ಕೇಳಿದರು.

"ನನಗೆ ಯಾಕೆ ಹೇಳ್ತಿದ್ದೀರಿ?" ಎಂದರು ಕೊನೆಗೆ. "ನಮ್ಮವರಂತೂ ವಾಪಸ್ ಬರಲ್ಲ. ಇದನ್ನ ಆ ಹುಡುಗನಿಗೆ ಹೇಳಿದ್ದೀರಾ?"

"ಇಲ್ಲ."

"ಮೊದಲು ಅವನಿಗೆ ಹೇಳಿ. ಆಮೇಲೆ ಬೇಕಾದ್ರೆ ಇಲ್ಲಿಗೆ ಬನ್ನಿ" ಎಂದು ಒಳಗೆ ಹೋದರು. ಬಾಗಿಲನ್ನು ಸದ್ದಾಗದಂತೆ ಮುಚ್ಚಿಕೊಂಡರು.

ಮಗ ಕಿಟಕಿಯ ಪಕ್ಕ ಕೂತಿದ್ದ. ಅಪ್ಪ ಯಾರದೋ ಫ್ರಿಜ್ ನೋಡಲು ಹೋಗಿದ್ದ. ಬ್ರೇಕಮ್ಮ ಸ್ಟೂಲು ಎಳೆದುಕೊಂಡು ಅವನೆದುರು ಕೂತಳು.

"ಮರಿ, ಸ್ಕೂಲಿನ ಕಾರಿನಲ್ಲಿ ನಿನಗೆ ಕಲಿಸ್ತಿದ್ನಲ್ಲ, ಆಗ ನನ್ನ ಕಾಲು..."

"ಗೊತ್ತಮ್ಮಾ" ಎಂದ ಅವನು.

ಅವಳು ಅವನ ಮುಖ ನೋಡಿದಳು.

"ಆವತ್ತು ನಾನು ಬ್ರೇಕ್ ಒತ್ತಿದಾಗ ಪಕ್ಕದಲ್ಲಿ ದಡ್ ಅಂತ ಸದ್ದಾಯ್ತು. ನಿನ್ನ ಕಾಲು ಬಂದು ನೆಲಕ್ಕೆ ಬಡೀತು. ಏನು ಅಂತ ಆಗ ಹೊಳೀಲಿಲ್ಲ. ಗ್ಯಾರೇಜಿನವರು ಬ್ರೇಕ್ ಸರಿ ಇದೆ ಅಂದಾಗ ಹೊಳೀತು." ಅವನು ನಿಧಾನವಾಗಿ, ಪಾಠ ಒಪ್ಪಿಸುವವನ ಹಾಗೆ ಹೇಳಿದ. "ನಾನು ಬ್ರೇಕಿನ ಮಾತೇ ಹಿಡಕೊಂಡು ಕೂತಿದ್ರೆ ಎಲ್ಲರೂ ನಿನ್ನ ಹತ್ರ ಬರ್ತಿದ್ರು. ಆಮೇಲೆ ನಿನ್ನ ಹತ್ರ ಯಾರು ಕಲಿಯೋಕೆ ಬರ್ತಾರೆ? ನಿನಗೆ ಬೇರೆ ಏನೂ ಬರಲ್ವಲ್ಲಮ್ಮಾ. ಅದಕ್ಕೇ ಗಮನ ಇರಲಿಲ್ಲ ಅಂದೆ. ಹುಡುಗರು ಅಂದ್ಮೇಲೆ ನಂಬ್ತಾರೆ."

ಇಷ್ಟು ತಿಂಗಳೂ ಅವನು ಅದನ್ನು ಹೊತ್ತುಕೊಂಡು ಈ ಕಿಟಕಿಯ ಬಳಿ ಕೂತಿದ್ದ. ಬುದ್ಧಿ ಬಂದಿದೆಯೇ ಎಂದು ಊರೆಲ್ಲ ಚರ್ಚೆ ಮಾಡುತ್ತಿದ್ದದ್ದು ಈ ಹುಡುಗನ ಬಗ್ಗೆಯೇ. ಬ್ರೇಕಮ್ಮನಿಗೆ ದುಃಖ ಒತ್ತರಿಸಿಕೊಂಡು ಬಂತು. ಅವನ ಕೈ ಹಿಡಿದು ಅತ್ತಳು. ನಾಳೆ ಬೆಳಿಗ್ಗೆಯೇ ಮಾಲೀಕನಿಗೆ ಹೇಳುತ್ತೇನೆ, ಪೊಲೀಸರಿಗೆ ಹೇಳುತ್ತೇನೆ, ಎಲ್ಲರ ಮುಂದೆಯೂ ಹೇಳುತ್ತೇನೆ ಎಂದಳು. ಮಗ ಕೈಯನ್ನು ಅವಳ ಕೈಯಲ್ಲೇ ಬಿಟ್ಟುಕೊಂಡು ಕೂತಿದ್ದ.

"ಅಮ್ಮಾ, ಒಂದು ಕೇಳ್ಲಾ?" ಎಂದ ಆಮೇಲೆ.

"ಕೇಳು."

"ಊರಿನ ಮಕ್ಕಳಿಗೆಲ್ಲ ಕಾಲು ಎತ್ತಿದ್ದೀಯ. ದಪ್ಪಣ್ಣನ ಚಿಕ್ಕ ಮಗಳಿಗೂ ಎತ್ತಿದ್ದೆ, ಅವಳಿಗೆ ಎಡ ಯಾವುದು ಬಲ ಯಾವುದು ಅಂತಾನೇ ಗೊತ್ತಾಗ್ತಿರಲಿಲ್ಲ." ಅವನು ಅವಳ ಕಡೆ ತಿರುಗಿದ. "ನಾನು ಅಷ್ಟು ದಡ್ಡನಾ ಅಮ್ಮಾ?"

"ಇಲ್ಲ ಕಣೋ, ಇಲ್ಲ" ಎಂದಳು ಬ್ರೇಕಮ್ಮ. "ನನ್ನ ಹತ್ರ ಕಲಿತವರಲ್ಲೆಲ್ಲ ನೀನೇ ಚೆನ್ನಾಗಿ ಓಡಿಸ್ತಿದ್ದೆ."

"ಮತ್ತೆ?"

ಅವಳಿಗೆ ಉತ್ತರ ಗೊತ್ತಿತ್ತು. ಆದರೆ ಮೇಷ್ಟ್ರು ಸತ್ತು, ಮಗ ಹೀಗೆ ಕೂತ ಮೇಲೆ, ನಿನ್ನ ಮೇಲಿನ ಪ್ರೀತಿಗೆ ಎಂದು ಯಾವ ಬಾಯಿಂದ ಹೇಳುವುದು? ಮಗ ಕಾಯುತ್ತಿದ್ದ. ಅವಳು ಅವನ ಕೈ ಹಿಡಿದುಕೊಂಡು ಸುಮ್ಮನೆ ಕೂತಿದ್ದಳು.